ಕ್ಯಾಲೆಂಡರಿನಲ್ಲಿ ನಾನು ಸರಿಸಿದ ಒಂದು ದಿನ

ಸೊಪ್ಪು ಕಾಳು ಕುದಿಸಿದ ಭಜ್ಜಿ ಹಚ್ಚಿದ ರೊಟ್ಟಿಯ ತುತ್ತು ಕೈಯಲ್ಲೇ ಇತ್ತು. ಬಾಯಿಗೆ ಹೋಗಲಿಲ್ಲ.

ಮೊನ್ನೆ ಎಳ್ಳ ಅಮಾವಾಸ್ಯೆಯ ದಿನದ ಮಾತು. ಮೋರಖಂಡಿಯಲ್ಲಿ ನಮ್ಮತ್ತೆಯವರ ಹೊಲ. ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮುಗಿಸಿ, ಪೈರಿಗೆಲ್ಲ ನೈವೇದ್ಯದ ಚರಗ ಚೆಲ್ಲಿ, ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕೂತಿದ್ದರು. ನಾನು ಮಾತ್ರ ತಟ್ಟೆ ಹಿಡಿದು ಬದುವಿನ ಮೇಲೆ ಹೋಗಿ ಕೂತಿದ್ದೆ. ಆ ಹೊಲದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅದೊಂದೇ ಜಾಗದಲ್ಲಿ. (ಹಬ್ಬದ ದಿನವೂ ಫೋನ್ ಬೇಕೇ ಎಂದು ನಮ್ಮತ್ತೆ ಗೊಣಗಿದರು. ಕೇಳಿಸದಂತೆ ನಟಿಸಿದೆ.)

ಫೋನ್ ಎರಡು ಸಲ ಗುಂಯ್ ಎಂದಿತು.

ಮೊದಲನೆಯದು ಒಂದು ಧ್ವನಿ ಸಂದೇಶ. ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿದ್ದು, ನನಗೆ ತಲುಪಿದ್ದು ಹನ್ನೊಂದು ದಾಟಿದ ಮೇಲೆ. ನಮ್ಮ ಫ್ಯಾಕ್ಟರಿಯಲ್ಲಿ ಟ್ಯಾಂಕ್ ತೊಳೆಯುವ ಮಹಬೂಬಭಾಯಿಯದು. ಒತ್ತಿದೆ.

"ಸಲಾಂ ರಿ ಮೇಡಂ. ಇವತ್ತ ನಂದೇ ಡ್ಯೂಟಿ ಅದ. ನಾಕನೇ ಟ್ಯಾಂಕಿಗಿ ಇಳಿಯಾಕತ್ತೇನಿ. ಇದರ ಬದಲಿ ರಜಾ ರಮಜಾನಿಗಿ ಬರಕೊಂಡು ಬಿಡ್ರಿ. ನಿಮಗೆಲ್ಲಾ ಎಳ್ಳ ಅಮಾಸಿ ಮುಬಾರಕ್."

ನಕ್ಕೆ. ನಗುತ್ತಲೇ ಎರಡನೆಯದನ್ನು ನೋಡಿದೆ. ಅದು ಆಫೀಸಿನ ಇಮೇಲ್ ಕ್ಯಾಲೆಂಡರಿನ ಎಚ್ಚರಿಕೆ. "ನಾಲ್ಕನೇ ಟ್ಯಾಂಕ್, ನೈಟ್ರೋಜನ್ ಲೈನ್ ಪರೀಕ್ಷೆ, ಇಂದು 11.30."

ನಗು ಅಲ್ಲೇ ನಿಂತಿತು. ಫೋನಿನ ಗಡಿಯಾರ 11.12 ತೋರಿಸುತ್ತಿತ್ತು.

ನಾನು ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುವವಳು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತಿದೆ. (ಫ್ಯಾಕ್ಟರಿಯ ಹೆಸರು ಎಂದೂ ಬರೆದಿಲ್ಲ, ಈಗಲೂ ಬರೆಯುವುದಿಲ್ಲ.) ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಆ ಬಸ್ಸಿನ ಸೀಟಿನ ಜಗಳ, ನಮ್ಮ ಮನೆಯವರ ಮರೆವು, ಇಂಥವುಗಳನ್ನೇ ಬರೆದು ನಿಮ್ಮನ್ನು ನಗಿಸಿದ್ದೇನೆ. ಈ ವಾರ ಆಗುವುದಿಲ್ಲ.

ಲೈನ್ ಪರೀಕ್ಷೆ ಎಂದರೆ ಪೈಪಿನಿಂದ ಟ್ಯಾಂಕಿಗೆ ನೈಟ್ರೋಜನ್ ಬಿಟ್ಟು ನೋಡುವುದು. ನೈಟ್ರೋಜನ್ ಎಂದರೆ ಏನು? ನಾವು ಉಸಿರಾಡುವ ಗಾಳಿಯಲ್ಲಿ ಇರುವುದೇ. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಉರಿಯುವುದಿಲ್ಲ, ಕಣ್ಣಲ್ಲಿ ನೀರೂ ಬರುವುದಿಲ್ಲ. ಆದರೆ ಮುಚ್ಚಿದ ಟ್ಯಾಂಕಿನೊಳಗೆ ಅದೇ ತುಂಬಿಕೊಂಡರೆ ಆಮ್ಲಜನಕಕ್ಕೆ ಜಾಗವಿರುವುದಿಲ್ಲ. ಒಳಗಿದ್ದವನು ಎರಡು ಉಸಿರು ಎಳೆದುಕೊಳ್ಳುತ್ತಾನೆ, ಬೀಳುತ್ತಾನೆ. ಯಾಕೆ ಬಿದ್ದೆ ಎಂದು ಅವನಿಗೂ ತಿಳಿಯುವುದಿಲ್ಲ. ಪ್ರತಿ ವರ್ಷ ಸುರಕ್ಷತೆಯ ತರಬೇತಿಗೆ ಹೊರಗಿನಿಂದ ಒಬ್ಬರು ಬರುತ್ತಾರೆ. ನನ್ನ ಕೆಲಸ ಚಹಾ ಬಿಸ್ಕೀಟಿನ ವ್ಯವಸ್ಥೆ. ಬಾಗಿಲಲ್ಲಿ ನಿಂತು ಕೇಳಿದ್ದರಲ್ಲಿ ಒಂದೇ ಮಾತು ತಲೆಯಲ್ಲಿ ಉಳಿದಿತ್ತು: ಬಿದ್ದವನನ್ನು ಎತ್ತಲು ಇಳಿದವನೂ ಅವನ ಮೇಲೆಯೇ ಬೀಳುತ್ತಾನೆ.

ಹಾಗಾದರೆ ಒಂದೇ ಟ್ಯಾಂಕಿಗೆ ಒಂದೇ ದಿನ ಮನುಷ್ಯನೂ ನೈಟ್ರೋಜನ್ನೂ ಹೇಗೆ ಬಂದವು?

ನನ್ನಿಂದ.

ನಮ್ಮಲ್ಲಿ ಪ್ಲಾಂಟ್ ಕ್ಯಾಲೆಂಡರ್ ಎಂದು ಒಂದಿದೆ. ಆಫೀಸಿನ ಇಮೇಲಿನಲ್ಲೇ ತೆರೆದುಕೊಳ್ಳುತ್ತದೆ, ಎಲ್ಲ ವಿಭಾಗದವರೂ ಹಂಚಿಕೊಂಡಿದ್ದಾರೆ. ಯಾವ ಟ್ಯಾಂಕ್ ಯಾವಾಗ ತೊಳೆಯಬೇಕು, ಬಾಯ್ಲರ್ ಯಾವಾಗ ನಿಲ್ಲುತ್ತದೆ, ಇನ್‌ಸ್ಪೆಕ್ಟರ್ ಯಾವಾಗ ಬರುತ್ತಾರೆ, ಎಲ್ಲವೂ ಬಣ್ಣಬಣ್ಣದ ಚೌಕಗಳಲ್ಲಿ ಇರುತ್ತದೆ. ಕೆಲವರಿಗೆ ನೋಡುವ ಅನುಮತಿ ಮಾತ್ರ. ಕೆಲವರಿಗೆ ತಿದ್ದುವ ಅನುಮತಿಯೂ ಇದೆ. ರಜೆಗಳನ್ನು ತುಂಬುವುದು ನನ್ನ ಕೆಲಸವಾದ್ದರಿಂದ ನನಗೂ ಆ ಹಕ್ಕು ಕೊಟ್ಟಿದ್ದರು. ಕೊಟ್ಟ ದಿನ ಎಷ್ಟು ಬೀಗಿದ್ದೆ ಅಂತೀರಿ!

ಹಬ್ಬಕ್ಕೆ ಒಂದು ವಾರ ಮುಂಚೆ ರಜೆ ಹಾಕಿದವರ ಪಟ್ಟಿಯನ್ನು ಅದರಲ್ಲಿ ತುಂಬುತ್ತಿದ್ದೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಕಿತ್ತಳೆ ಬಣ್ಣದ ಒಂದು ಚೌಕ ಕಂಡಿತು. "ನಾಲ್ಕನೇ ಟ್ಯಾಂಕ್, ಒಳಗಿಳಿದು ಸ್ವಚ್ಛತೆ." ಹಾಕಿದವರು ಮೇಂಟೆನೆನ್ಸಿನ ಸೂಪರ್‌ವೈಸರ್ ರೇವಣಪ್ಪನವರು.

ಇದೇನಿದು, ರೇವಣಪ್ಪನವರು ಪಂಚಾಂಗ ನೋಡಿಲ್ಲವೇ ಎಂದುಕೊಂಡೆ. ಎಳ್ಳ ಅಮಾವಾಸ್ಯೆಯ ದಿನ ಯಾರಾದರೂ ಟ್ಯಾಂಕಿಗೆ ಇಳಿಯುತ್ತಾರೆಯೇ? ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಹೊಲ ಇಲ್ಲದವರು ಇದ್ದವರ ಹೊಲಕ್ಕೆ ಉಣ್ಣಲು ಹೋಗುತ್ತಾರೆ. ಅದರ ಮೇಲೆ ಅಮಾವಾಸ್ಯೆ ಬೇರೆ. ಆ ದಿನ ಹೊಸ ಚಪ್ಪಲಿ ಹಾಕಿಕೊಳ್ಳಲೂ ಹಿಂದೆಮುಂದೆ ನೋಡುವ ನಾವು, ಆಳವಾದ ಟ್ಯಾಂಕಿನೊಳಗೆ ಜನರನ್ನು ಇಳಿಸುತ್ತೇವೆಯೇ?

ಮೌಸಿನಿಂದ ಹಿಡಿದು ಆ ಚೌಕವನ್ನು ಮರುದಿನಕ್ಕೆ ಎಳೆದು ಬಿಟ್ಟೆ. ಅಷ್ಟೇ. ಒಂದು ಸೆಕೆಂಡಿನ ಕೆಲಸ.

ಸಾಫ್ಟ್‌ವೇರ್ ಕೇಳಿತು, ಪಾಪ. ಬದಲಾವಣೆಯ ಸುದ್ದಿಯನ್ನು ಸಂಬಂಧಪಟ್ಟವರಿಗೆ ಕಳಿಸಲೇ? ಕಳಿಸಬೇಡ ಎಂದು ಒತ್ತಿದೆ. ಯಾಕೆ? ಹಿಂದಿನ ವಾರವಷ್ಟೇ ಮ್ಯಾನೇಜರ್ ಎಲ್ಲರೆದುರು ಅಂದಿದ್ದರು, ದಿನಕ್ಕೆ ನಿಮ್ಮದೇ ಹತ್ತು ಮೇಲ್ ಬರ್ತಾವಲ್ಲ ಮೇಡಂ ಅಂತ. ಆ ಮಾತು ಇನ್ನೂ ಚುಚ್ಚುತ್ತಿತ್ತು. ರೇವಣಪ್ಪನವರಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಹೇಳಲಿಲ್ಲ. ಮರೆತೆ.

ನಾನು ಹಾಗೆ ಒತ್ತಿದ್ದರಿಂದ ಒಂದೇ ಕೆಲಸಕ್ಕೆ ಎರಡು ದಿನ ಹುಟ್ಟಿದವು. ಎಲ್ಲರೂ ನೋಡುವ ಪ್ಲಾಂಟ್ ಕ್ಯಾಲೆಂಡರಿನಲ್ಲಿ ಟ್ಯಾಂಕಿನ ಕೆಲಸ ಅಮಾವಾಸ್ಯೆಯ ಮರುದಿನ. ರೇವಣಪ್ಪನವರ ಫೋನಿನಲ್ಲಿದ್ದ ಅವರ ಸ್ವಂತ ಕ್ಯಾಲೆಂಡರಿನಲ್ಲಿ ಮಾತ್ರ, ಬದಲಾವಣೆಯ ಸುದ್ದಿ ಹೋಗದ ಕಾರಣ, ಅಮಾವಾಸ್ಯೆಯ ದಿನವೇ. ನೈಟ್ರೋಜನ್ ನೋಡಿಕೊಳ್ಳುವ ಸಂತೋಷ್ ಪ್ಲಾಂಟ್ ಕ್ಯಾಲೆಂಡರ್ ತೆರೆದಿದ್ದಾನೆ, ಅಮಾವಾಸ್ಯೆಯ ದಿನ ನಾಲ್ಕನೇ ಟ್ಯಾಂಕ್ ಖಾಲಿ ಕಂಡಿದೆ, ತನ್ನ ಪರೀಕ್ಷೆಯನ್ನು ಅಲ್ಲಿ ಹಾಕಿದ್ದಾನೆ. ಅವನ ತಪ್ಪೇನು?

ಇದೆಲ್ಲ ಬದುವಿನ ಮೇಲೆ ಕೂತ ನನಗೆ ಒಂದೇ ಕ್ಷಣದಲ್ಲಿ ಹೊಳೆಯಿತು.

ಮೊದಲು ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆ. ಫೋನಿನಲ್ಲಿ ಕ್ಯಾಲೆಂಡರ್ ತೆರೆದು, ಆ ಕಿತ್ತಳೆ ಚೌಕವನ್ನು ಮತ್ತೆ ಅಮಾವಾಸ್ಯೆಗೆ ಎಳೆಯಲು ನೋಡಿದೆ. ಪರದೆಯ ಮೇಲೆ ಸಣ್ಣ ಚಕ್ರ ಗಿರಗಿರ ತಿರುಗಿತು. ತಿರುಗುತ್ತಲೇ ಇತ್ತು. ಕ್ಯಾಲೆಂಡರ್ ಸರಿಯಾದರೆ ಟ್ಯಾಂಕಿನೊಳಗಿನ ಗಾಳಿ ಸರಿಯಾಗುತ್ತದೆಯೇ? ಎರಡು ನಿಮಿಷ ಹೀಗೆ ಹಾಳು ಮಾಡಿದೆ.

ಆಮೇಲೆ ಫೋನ್ ಹಚ್ಚಿದೆ. ಮಹಬೂಬಭಾಯಿ ಎತ್ತಲಿಲ್ಲ. ಹೇಗೆ ಎತ್ತುತ್ತಾರೆ? ನಮ್ಮಲ್ಲಿ ಪ್ಲಾಂಟಿನೊಳಗೆ ಮೊಬೈಲ್ ಒಯ್ಯುವಂತಿಲ್ಲ, ಒಂದು ಕಿಡಿ ಸಾಕು. ಎಲ್ಲರ ಫೋನೂ ಗೇಟಿನ ಹತ್ತಿರದ ಕಪಾಟಿನಲ್ಲಿರುತ್ತವೆ. (ಆ ನಿಯಮದ ಸುತ್ತೋಲೆ ಟೈಪ್ ಮಾಡಿದವಳೂ ನಾನೇ.) ಸಂತೋಷನ ಫೋನೂ ಅಲ್ಲೇ ಇರುತ್ತದೆ. ರೇವಣಪ್ಪನವರು ಬೆಳಿಗ್ಗೆ ಟ್ಯಾಂಕಿಗಿಳಿಯುವ ಕಾಗದಕ್ಕೆ ಸಹಿ ಮಾಡಿ ನಾರಾಯಣಪುರದ ತಮ್ಮ ಹೊಲಕ್ಕೆ ಹೊರಟುಬಿಟ್ಟಿದ್ದರಂತೆ. ಅವರ ನಂಬರಿಗೆ ಹಚ್ಚಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಸಮಾಧಾನದಿಂದ ಹೇಳಿದಳು. ಗೇಟಿನ ಲ್ಯಾಂಡ್‌ಲೈನ್ ರಿಂಗಾಗಿ ರಿಂಗಾಗಿ ಕಟ್ ಆಯಿತು.

ತಟ್ಟೆ ಅಲ್ಲೇ ಬಿಟ್ಟು ಓಡಿದೆ.

"ಗಾಡಿ ತಗೀರಿ," ಎಂದೆ ನಮ್ಮ ಮನೆಯವರಿಗೆ.

"ಏನಾತ? ಮಾರಿ ಯಾಕ ಹಿಂಗಾಗ್ಯಾದ?"

"ಫ್ಯಾಕ್ಟ್ರಿಗಿ ಹೋಗಬೇಕು. ಮದಲ ತಗೀರಿ, ಹಾದ್ಯಾಗ ಹೇಳ್ತೀನಿ."

"ಯವ್ವಾ, ಉಣ್ಣೂದಾದ್ರೂ ಮುಗಿಸಿ ಹೋಗ," ಎಂದು ನಮ್ಮತ್ತೆ ಹಿಂದಿನಿಂದ ಕೂಗಿದರು. ನಮ್ಮ ಮನೆಯವರು ಕೈ ತೊಳೆಯಲೂ ಇಲ್ಲ, ಎಂಜಲು ಕೈಯಲ್ಲೇ ಬೈಕ್ ಹತ್ತಿದರು.

ಮೋರಖಂಡಿಯಿಂದ ಹುಮನಾಬಾದಿಗೆ ಎಷ್ಟು ಜೋರಾಗಿ ಹೋದರೂ ಮುಕ್ಕಾಲು ಗಂಟೆ ಬೇಕು. ಲೆಕ್ಕ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಹೊರಟೆವು. ಸುಮ್ಮನೆ ಕೂರುವುದು ಹೇಗೆ? ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳು, ಬುಟ್ಟಿ ಹೊತ್ತ ಹೆಂಗಸರು, ಹೊಸ ಬಟ್ಟೆಯ ಮಕ್ಕಳು. ಎಲ್ಲರೂ ದಾರಿ ಬಿಡುವಾಗ ಕೈ ಎತ್ತಿ ಹಬ್ಬದ ನಗೆ ನಗುತ್ತಿದ್ದರು. ನಾನು ಹಿಂದೆ ಕೂತು ಗೇಟಿನ ನಂಬರನ್ನು ಒತ್ತುತ್ತಲೇ ಇದ್ದೆ. ಬೆವರಿಗೆ ಬೆರಳು ಜಾರುತ್ತಿತ್ತು.

11.29.

11.30.

ಆ ಒಂದು ಅಂಕಿ ಬದಲಾಗುವುದನ್ನು ನೋಡಿದೆನಲ್ಲ, ಅದಕ್ಕಿಂತ ಹೆಚ್ಚು ಹೆದರಿದ್ದು ನನ್ನ ಜೀವನದಲ್ಲಿ ಇಲ್ಲ. ಈಗ ವಾಲ್ವ್ ತಿರುಗಿತು ಎಂದುಕೊಂಡೆ. ಈಗ ಒಳಗೆ ಬರುತ್ತಿದೆ. ಅವರು ಬಗ್ಗಿ ತಳ ಉಜ್ಜುತ್ತಿರಬಹುದು. ಒಂದು ಉಸಿರು. ಎರಡು. ದೇವರನ್ನು ನೆನೆಯಬೇಕಿತ್ತು, ನೆನಪಾಗಲಿಲ್ಲ. ನೆನಪಿಸಿಕೊಳ್ಳಲು ಒದ್ದಾಡಿದ್ದು ಮಹಬೂಬಭಾಯಿಯ ಹೆಂಡತಿಯ ಹೆಸರನ್ನು. ಅವರ ಪಿಎಫ್ ಫಾರ್ಮಿನ ನಾಮಿನಿ ಖಾನೆಯಲ್ಲಿ ನಾನೇ ಟೈಪ್ ಮಾಡಿದ ಹೆಸರು. ಎಷ್ಟು ತಿಣುಕಿದರೂ ಬರಲಿಲ್ಲ. ಆ ಮನೆಯ ಬಾಗಿಲಲ್ಲಿ ನಿಂತು ಯಾರ ಹೆಸರು ಹಿಡಿದು ಕರೆಯಲಿ ಎಂದು ಅತ್ತೆ. ನಮ್ಮ ಮನೆಯವರು ಗಾಡಿಯನ್ನು ಇನ್ನೂ ಜೋರು ಮಾಡಿದರು.

ಹೈವೇ ಹತ್ತಿ ಸ್ವಲ್ಪ ದೂರ ಹೋಗಿರಬೇಕು, ಗೇಟಿನ ಫೋನ್ ಎತ್ತಿದರು. 11.48. ಗೇಟ್ ಕಾಯುವ ಅಣ್ಣಾರಾವ್ ಅವರ ದನಿ.

"ಅಣ್ಣಾರಾವ್, ಮಹಬೂಬಭಾಯಿ ಎಲ್ಲದಾರ?"

"ಇಲ್ಲೇ ಅದಾರ್ರಿ ಮೇಡಂ. ನಮ್ಮ ಮನಿಯಿಂದ ಭಜ್ಜಿ ರೊಟ್ಟಿ ಬಂದಿತ್ತು. ಹಬ್ಬದ ದಿನ ಒಬ್ಬನೇ ಹ್ಯಾಂಗ ಉಣ್ಣಲಿ, ಅದಕ್ಕ ಅವರಿಗಿ ಟ್ಯಾಂಕಿನಿಂದ ಮ್ಯಾಲ ಕರದು ಕ್ಯಾಂಟೀನಿನ್ಯಾಗ ಕೂಡೇ ಉಂಡೇವ್ರಿ. ಈಗ ಕೈ ತೊಳಕೊಂಡು ಮತ್ತ ಇಳಿಯಾಕ ಹೋದ್ರು ನೋಡ್ರಿ."

"ತಡೀರಿ ಅವರಿಗಿ! ಓಡ್ರಿ! ಟ್ಯಾಂಕಿನ್ಯಾಗ ನೈಟ್ರೋಜನ್ ಬಿಟ್ಟಾರ!"

ರಿಸೀವರ್ ಮೇಜಿಗೆ ಬಡಿದ ಸದ್ದು. ಬೂಟುಗಳು ಓಡಿದ ಸದ್ದು. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಮ್ಮ ಮನೆಯವರು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದರು. ಲಾರಿಗಳು ಹಾಯುವಾಗ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದು ಕಿವಿಗೆ ಫೋನ್ ಒತ್ತಿಕೊಂಡು ನಿಂತೆ. ಗೇಟಿನಿಂದ ನಾಲ್ಕನೇ ಟ್ಯಾಂಕಿಗೆ ಎಷ್ಟು ದೂರ? ಕ್ಯಾಂಟೀನ್ ದಾಟಬೇಕು, ಡ್ರಮ್ಮುಗಳ ಶೆಡ್ ದಾಟಬೇಕು, ಅಣ್ಣಾರಾವ್ ಅವರಿಗೆ ಮೊಣಕಾಲು ನೋವು ಬೇರೆ. ಟ್ಯಾಂಕಿನ ಬಾಯಲ್ಲಿ ನೋಡಿಕೊಳ್ಳಲು ಒಬ್ಬ ನಿಂತಿರುತ್ತಾನೆ. ಇವರು ಬಿದ್ದರೆ ಅವನೂ ಎತ್ತಲು ಇಳಿಯುತ್ತಾನಲ್ಲ? ಅಣ್ಣಾರಾವ್ ಹೋದರೆ ಅವರೂ ಇಳಿದುಬಿಟ್ಟರೆ? ನಾನೇ ಓಡಿಸಿ ಮೂರನೆಯವರನ್ನು ಕಳಿಸಿದೆನೇ?

ಎಷ್ಟು ಹೊತ್ತಾಯಿತೋ ತಿಳಿಯದು. ಯಾರೋ ರಿಸೀವರ್ ಎತ್ತಿಕೊಂಡರು.

"ಹಲೋ ಮೇಡಂ? ಏನಾತ್ರಿ? ನಾ ಸೇಫ್ಟಿ ಬೆಲ್ಟ್ ಕಟಗೊಂಡು ಒಂದ್ ಕಾಲ ಒಳಗ ಇಟ್ಟಿದ್ದೆ."

ಮಹಬೂಬಭಾಯಿ. ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ರಸ್ತೆ ಬದಿಯ ಮಣ್ಣಿನಲ್ಲಿ ಕೂತುಬಿಟ್ಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಯಾರಿಗೂ ಹೇಳದೆ ಇರುತ್ತಿದ್ದೆನೋ ಏನೋ. ಮುಗಿಯಲಿಲ್ಲ. ನಾವು ಫ್ಯಾಕ್ಟರಿ ತಲುಪುವಷ್ಟರಲ್ಲಿ ಟ್ಯಾಂಕಿನ ಸುತ್ತ ಡ್ಯೂಟಿಯಲ್ಲಿದ್ದ ನಾಲ್ಕಾರು ಜನ ಸೇರಿದ್ದರು. ಆಮ್ಲಜನಕ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಟ್ಯಾಂಕಿನೊಳಗೆ ಇಳಿಬಿಟ್ಟರು. ಅರ್ಧಕ್ಕೆ ಇಳಿಯುವ ಮುಂಚೆಯೇ ಅದು ಕಿರ್ರ್ ಎಂದು ಚೀರತೊಡಗಿತು. ನಿಲ್ಲಲೇ ಇಲ್ಲ. ಎಲ್ಲರೂ ಮಹಬೂಬಭಾಯಿಯ ಮುಖ ನೋಡಿದರು.

"ಬೆಳಿಗ್ಗಿ ಮೀಟರ್ ಬಿಟ್ಟು ನೋಡೇ ಇಳದಿದ್ದೆ," ಎಂದರು ಅವರು ಮೆಲ್ಲಗೆ. "ಊಟ ಆದ ಮ್ಯಾಲ ಮತ್ತ ನೋಡತಿದ್ದಿಲ್ಲ. ಸುಳ್ಳ ಯಾಕ ಹೇಳಲಿ."

ಸುದ್ದಿ ಮುಟ್ಟಿ ರೇವಣಪ್ಪನವರೂ ನಾರಾಯಣಪುರದಿಂದ ಓಡಿಬಂದರು. ಬಂದವರೇ ಸಂತೋಷನ ಮೇಲೆ ಹರಿಹಾಯ್ದರು. "ಕಣ್ಣ ಎಲ್ಲಿಟ್ಟಿದ್ದಿ? ಮನಿಷಾ ಒಳಗ ಇರೂದು ಕಾಣಲಿಲ್ಲೇನ್ ನಿನಗ?"

"ಪ್ಲಾಂಟ್ ಕ್ಯಾಲೆಂಡರಿನ್ಯಾಗ ಟ್ಯಾಂಕ್ ನಾಳಿಗಿ ಇತ್ರಿ ಸರ್. ವಾಲ್ವ್ ಇರೂದು ಆ ಕಡಿ ಬ್ಲಾಕಿನ್ಯಾಗ, ಅಲ್ಲಿಂದ ಟ್ಯಾಂಕ್ ಕಾಣಂಗಿಲ್ಲ. ನಾ ಮೂರ್ ಸಲ ನೋಡೀನಿ ಕ್ಯಾಲೆಂಡರ್." ಸಂತೋಷ್ ನೆಲಕ್ಕೆ ಕೂತಿದ್ದ.

"ನಾಳಿಗಿ ಹ್ಯಾಂಗ ಇರ್ತದ? ನಾನೇ ಇವತ್ತಿಗಿ ಹಾಕೀನಿ!"

ಎಲ್ಲರೂ ಗೇಟಿಗೆ ಬಂದೆವು, ಇಬ್ಬರೂ ಕಪಾಟಿನಿಂದ ತಮ್ಮ ತಮ್ಮ ಫೋನ್ ತೆಗೆದು ಒಬ್ಬರಿಗೊಬ್ಬರು ತೋರಿಸಿದರು. ಎರಡೂ ನಿಜ. ಎರಡೂ ಬೇರೆ. ಚೌಕ ಸರಿಸಿದ್ದು ಯಾರು ಎಂದು ಎರಡರಲ್ಲೂ ಬರೆದಿರಲಿಲ್ಲ.

ಆಗ ಎರಡನೇ ಹೆದರಿಕೆ ಬಂತು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನೊಳಗೆ ಯಾರೋ ಹೇಳಿದರು. ಸಾಫ್ಟ್‌ವೇರ್ ಕೈಕೊಟ್ಟಿತು ಅಂದರಾಯಿತು, ಎಲ್ಲರೂ ನಂಬುತ್ತಾರೆ. ದಿನಾ ಅಂಥದ್ದು ಆಗುತ್ತದಲ್ಲವೇ? ಜೀವ ಉಳಿಸಲು ಅಷ್ಟು ದೂರದಿಂದ ಓಡಿಬಂದವಳು ನಾನೇ ಎಂದು ಅಣ್ಣಾರಾವ್ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ನಾಲ್ಕು ಜನ ನನ್ನನ್ನು ಗೌರವದಿಂದ ನೋಡುತ್ತಿದ್ದರು. ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಆ ಗೌರವ ಅನುಭವಿಸಿದೆ? ಒಂದು ನಿಮಿಷವಂತೂ ಖಂಡಿತ. ಆ ಒಂದು ನಿಮಿಷ ಸಂತೋಷ್ ಬೈಸಿಕೊಳ್ಳುತ್ತಿದ್ದ.

"ನಾನು ಸರಿಸಿದ್ದು," ಎಂದೆ. "ಅಮಾಸಿ ದಿನ ಯಾರೂ ಟ್ಯಾಂಕಿಗಿ ಇಳಿಯಂಗಿಲ್ಲಂತ ನಾನೇ ನಾಳಿಗಿ ಎಳದು ಇಟ್ಟೆ. ಯಾರಿಗೂ ಹೇಳಲಿಲ್ಲ."

ರೇವಣಪ್ಪನವರು ಫೋನನ್ನು ಜೇಬಿಗಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಹಬೂಬಭಾಯಿ ಸೊಂಟದ ಬೆಲ್ಟನ್ನು ಬಿಚ್ಚುತ್ತಿದ್ದರು. ಬಿಚ್ಚಿ ಮಡಚಿ ಕೆಳಗಿಟ್ಟು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದವರ ಮುಖ.

"ಅಮಾಸಿಗಿ ವರ್ಷಾ ನಾನೇ ಇರ್ತೀನಿ ಅಲ್ರಿ ಮೇಡಂ? ನಿಮಗ ಗೊತ್ತಿತ್ತಲ್ಲ?"

ಗೊತ್ತಿತ್ತು. ಅದೇ ನನ್ನನ್ನು ಈಗಲೂ ತಿನ್ನುತ್ತಿರುವುದು. ಉಳಿದವರು ಹೊಲಕ್ಕೆ ಹೋಗಲಿ ಎಂದು ಅವರು ಪ್ರತಿ ವರ್ಷ ಆ ದಿನ ಡ್ಯೂಟಿ ತೆಗೆದುಕೊಳ್ಳುತ್ತಾರೆ, ರಮಜಾನಿನ ದಿನ ಉಳಿದವರು ಅವರ ಡ್ಯೂಟಿ ಮಾಡುತ್ತಾರೆ. ಆ ಅದಲು ಬದಲನ್ನು ಆರು ವರ್ಷದಿಂದ ರಜೆಯ ಪುಸ್ತಕದಲ್ಲಿ ಬರೆಯುತ್ತಿರುವವಳು ನಾನು. ನನ್ನದೇ ಕೈ, ನನ್ನದೇ ಪೆನ್ನು. ಆದರೂ ಆ ಚೌಕ ಕಂಡಾಗ "ಅಮಾವಾಸ್ಯೆಗೆ ಯಾರು ಇಳಿಯುತ್ತಾರೆ" ಎಂದು ನಕ್ಕು ಎಳೆದೆನಲ್ಲ, ಆ ಹೊತ್ತಿನಲ್ಲಿ ಆ "ಯಾರು" ಎಂಬುದರಲ್ಲಿ ಅವರು ನನಗೆ ನೆನಪೇ ಆಗಲಿಲ್ಲ. ನನಗೆ ಹಬ್ಬ ಎಂದರೆ ಲೋಕಕ್ಕೆಲ್ಲ ಹಬ್ಬ. ನಾನು ಹೊಲದಲ್ಲಿದ್ದರೆ ಲೋಕವೆಲ್ಲ ಹೊಲದಲ್ಲಿ. ಇದನ್ನು ಮರೆವು ಎಂದು ಕರೆದು ತಪ್ಪಿಸಿಕೊಳ್ಳಲೇ?

ಅವರು ಹೊರಡುವಾಗ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಒಂದೇ ಮಾತು ಕೇಳಿಕೊಂಡರು. "ಇದು ನಮ್ಮ ಮನ್ಯಾಗ ಗೊತ್ತಾಗೂದು ಬ್ಯಾಡ್ರಿ. ಗೊತ್ತಾತಂದ್ರ ನಾಳಿಂದ ನನಗ ಕೆಲಸಕ್ಕ ಬಿಡಂಗಿಲ್ಲ." (ಊರು ಬಿಟ್ಟು ಉಳಿದ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹೀಗೆ ಬರೆಯಲು ಅವರ ಒಪ್ಪಿಗೆ ಇದೆ.)

ಈಗ ನಿಯಮ ಬದಲಾಗಿದೆ. ಟ್ಯಾಂಕಿಗೆ ಯಾರಾದರೂ ಇಳಿದಿದ್ದರೆ ನೈಟ್ರೋಜನ್ ವಾಲ್ವಿಗೆ ಬೀಗ ಬೀಳುತ್ತದೆ, ಬೀಗದ ಕೈ ಇಳಿದವರ ಜೇಬಿನಲ್ಲೇ ಇರುತ್ತದೆ. ಮೊದಲೇ ಹಾಗಿರಬೇಕಿತ್ತು ಎನ್ನುತ್ತೀರಿ. ಹೌದು, ಇರಬೇಕಿತ್ತು. ಕ್ಯಾಲೆಂಡರ್ ಇದೆಯಲ್ಲ ಎಂಬ ಧೈರ್ಯದಲ್ಲಿ ಎಲ್ಲರೂ ಇದ್ದೆವು.

ನನ್ನ ತಿದ್ದುವ ಹಕ್ಕನ್ನು ತೆಗೆದುಹಾಕಿ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಅದಕ್ಕೆಂದು ನಿನ್ನೆ ಅನುಮತಿಗಳ ಪಟ್ಟಿ ತೆರೆದೆವು. ಬೆರಳಿನಿಂದ ಮೂರು ಸಲ ಮೇಲಕ್ಕೆ ತಳ್ಳಿದರೂ ಮುಗಿಯದ ಪಟ್ಟಿ. ಅಕೌಂಟ್ಸಿನವರು ಇದ್ದಾರೆ, ಹೋದ ವರ್ಷ ಕೆಲಸ ಬಿಟ್ಟವರು ಇದ್ದಾರೆ, ಬೇರೆ ಊರಿಗೆ ವರ್ಗವಾಗಿ ಹೋದ ಹಳೆಯ ಮ್ಯಾನೇಜರ್ ಇದ್ದಾರೆ. ಅವರಲ್ಲಿ ಯಾರು ಬೇಕಾದರೂ ಕೂತಲ್ಲಿಂದಲೇ ಒಂದು ಚೌಕವನ್ನು ಎಳೆಯಬಹುದು. ಮಹಬೂಬಭಾಯಿಯ ಹೆಸರು ಹುಡುಕಿದೆ, ಕಡೇಪಕ್ಷ ನೋಡುವವರ ಸಾಲಿನಲ್ಲಾದರೂ ಇರಬಹುದೆಂದು. ಇರಲಿಲ್ಲ. ಅವರಿಗೆ ಆಫೀಸಿನ ಇಮೇಲ್ ವಿಳಾಸವನ್ನೇ ಕೊಟ್ಟಿಲ್ಲ.

ಹೇಳಿ, ಟ್ಯಾಂಕಿಗೆ ಇಳಿಯುವವನಿಗೇ ಕಾಣದ ಕ್ಯಾಲೆಂಡರನ್ನು ನಾವು ಯಾರ ಜೊತೆ ಹಂಚಿಕೊಂಡಿದ್ದೇವೆ?